ಅಮ್ಮ ಕೊಳ್ಳದೆ ಬಿಟ್ಟ ಸಾಮಾನು

ಹಳೆ ಸಾಮಾನಿನ ವ್ಯಾಪಾರಿ ಎಂಥವರೆಂದು ತಿಳಿಯಬೇಕಾದರೆ ಅವರ ಅಂಗಡಿಯಲ್ಲಿ ಏನೇನಿಲ್ಲ ಎಂದು ನೋಡಬೇಕು. ಮೈಸೂರಿನ ಅಗ್ರಹಾರದ ಅಡ್ಡರಸ್ತೆಯೊಂದರಲ್ಲಿ ನನ್ನ ಅಮ್ಮ ನಡೆಸುವ ಒಂದು ಷಟರ್‌ನ ಅಂಗಡಿಯಲ್ಲಿ ದೇವರ ವಿಗ್ರಹ ಸಿಗುವುದಿಲ್ಲ. ನಾಗರಕಲ್ಲು, ವೀರಗಲ್ಲು ಇಲ್ಲ. ಓಲೆಗರಿಯ ಕಟ್ಟಂತೂ ಇಲ್ಲವೇ ಇಲ್ಲ. ‘ಅವನ್ನು ಬಿಟ್ಟರೆ ಈ ಕಸುಬಿನಲ್ಲಿ ಕಾಸು ಎಲ್ಲಿದೆ ಅಮ್ಮಾ?’ ಎಂದು ಊರೂರು ಸುತ್ತಿ ಸಾಮಾನು ತರುವ ಹುಡುಗರು ಕೇಳುತ್ತಾರೆ. ಅಂಗಡಿಯ ಲೆಕ್ಕ ಬರೆಯುವವಳು ನಾನು. ಅವರ ಮಾತಿನಲ್ಲಿ ಸುಳ್ಳಿಲ್ಲ.

ಇರುವುದು ಏನೆಂದರೆ ಕೊಪ್ಪರಿಗೆ, ಹಂಡೆ, ಕಾಲುದೀಪ, ಅಡಕತ್ತರಿ, ಸುಣ್ಣದ ಡಬ್ಬಿ, ಅಳಗುಳಿಮಣೆ, ಶಾವಿಗೆ ಒರಳು, ಲಾಟೀನು, ಗೂಡು ಬಿಟ್ಟ ಗೋಡೆ ಗಡಿಯಾರ. 1956ರ ತೂಕ ಮತ್ತು ಅಳತೆ ಕಾಯ್ದೆಯ ಹಿಂದೆಯೇ ಲೀಟರು ಕಿಲೋಗಳು ಬಂದು ಕೆಲಸ ಕಳೆದುಕೊಂಡ ಸೇರು, ಪಾವು, ಚಟಾಕುಗಳಿಗೆ ಒಂದು ಕಪಾಟೇ ಇದೆ. ಅಮ್ಮನಿಗೆ ಈ ವ್ಯಾಪಾರ ಅಂಟಿಕೊಂಡದ್ದು ಮನೆ ಪಾಲಾದಾಗ. ಅಜ್ಜಿಯ ತಾಮ್ರ, ಹಿತ್ತಾಳೆಯನ್ನೆಲ್ಲ ಗುಜರಿಯವನು ತಕ್ಕಡಿಗೆ ಹಾಕುತ್ತಿದ್ದ. ತೂಕ ಮುಗಿಯುವವರೆಗೆ ಸುಮ್ಮನಿದ್ದು, ಅವನು ಹೇಳಿದ ರೇಟಿಗೇ ಅಷ್ಟನ್ನೂ ತಾನೇ ಕೊಂಡಳು. ಮೈದುನಂದಿರು ದುಡ್ಡು ಎಣಿಸಿಕೊಂಡು ನಕ್ಕರಂತೆ.

ನಾನು ಮೆಚ್ಚುವ ಅಮ್ಮನ ಮೊದಲ ಗುಣ, ಸಾಮಾನಿನ ವಯಸ್ಸನ್ನು ಇಳಿಸಿ ಹೇಳುವುದು. ಲೋಕದ ವ್ಯಾಪಾರಿಗಳೆಲ್ಲ ಮಾಡುವುದು ಇದಕ್ಕೆ ತದ್ವಿರುದ್ಧ. ‘ಇದು ನೂರೈವತ್ತು ವರ್ಷದ್ದು ಅಲ್ವಾ?’ ಎಂದು ಗಿರಾಕಿ ಕಣ್ಣರಳಿಸಿದರೆ, ‘ಅರವತ್ತಿರಬಹುದು ಕಣಪ್ಪ, ನನ್ನ ವಾರಿಗೆ’ ಎನ್ನುತ್ತಾಳೆ. ಮುಖ ಚಿಕ್ಕದು ಮಾಡಿಕೊಂಡು ಹೋದವರುಂಟು. ನಮ್ಮ ದೇಶದಲ್ಲಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯ್ದೆ ಎಂಬುದೊಂದಿದೆ, 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕೈಕುಶಲದ ವಸ್ತುಗಳು, ಮಹತ್ವದ ಹಸ್ತಪ್ರತಿಯಾದರೆ ಎಪ್ಪತ್ತೈದು ದಾಟಿದವು, ಪ್ರಾಚ್ಯವಸ್ತುಗಳು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಅಮ್ಮನ ಬಳಿ ಲೈಸೆನ್ಸ್ ಇಲ್ಲ. ಹಾಗಾಗಿ ಆ ಗೆರೆ ದಾಟಿರಬಹುದೆಂಬ ಅನುಮಾನ ಬಂದರೂ ಸಾಕು, ಮುಟ್ಟುವುದಿಲ್ಲ. ಮುದುಕಿಯಾದ ದೀಪಕ್ಕಿಂತ ಪ್ರಾಯದ ದೀಪವೇ ಅವಳಿಗೆ ಕ್ಷೇಮ.

ವಯಸ್ಸು ಗುರುತಿಸುವುದನ್ನು ಅವಳಿಗೆ ಯಾವ ಕಾಲೇಜೂ ಕಲಿಸಲಿಲ್ಲ. ಪೆಟ್ಟಿಗೆಯನ್ನು ಮಗುಚಿ ಮೊದಲು ಸ್ಕ್ರೂ ನೋಡುತ್ತಾಳೆ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅದನ್ನು ಹೊಡೆದು ‘ಟಿಪ್ಪು ಕಾಲದ ಪೆಟ್ಟಿಗೆ’ ಎನ್ನುವವರು ಈಗಲೂ ಬರುತ್ತಾರೆ. ಆಮೇಲೆ ಸವಕಲು. ದಿನಬಳಕೆಯ ಚೆಂಬು ಕೈ ಹಿಡಿಯುವ ಕತ್ತಿನಲ್ಲಿ, ನೆಲಕ್ಕೆ ಕೂರುವ ಅಂಚಿನಲ್ಲಿ ಸವೆಯುತ್ತದೆ. ಮೈಯೆಲ್ಲ ಒಂದೇ ಸಮ ಸವೆದಿದ್ದರೆ ಅದು ಮರಳು ಕಾಗದದ ಕೆಲಸ. ಹೊಸ ಹಿತ್ತಾಳೆಗೆ ಹುಳಿ ಮೆತ್ತಿ ಮಣ್ಣಲ್ಲಿ ಹೂತಿಟ್ಟು ಕಿಲುಬು ಹಿಡಿಸಿದ್ದನ್ನು ಮೂಸಿಯೇ ಹೇಳುತ್ತೇನೆ ಎನ್ನುತ್ತಾಳೆ. ಇದನ್ನು ಮಾತ್ರ ನಾನು ಪೂರ್ತಿ ನಂಬಿಲ್ಲ.

ಪಾತ್ರೆಗಳ ಮೇಲಿನ ಹೆಸರಿನ ವಿಷಯದಲ್ಲಿ ಅವಳದು ಹಟ. ನಮ್ಮ ಹಳೆ ಪಾತ್ರೆಗಳ ಕತ್ತಿನ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳಿರುತ್ತವೆ: ಹೆಂಗಸಿನ ಹೆಸರು, ಊರು, ಕೆಲವೊಮ್ಮೆ ಮದುವೆಯ ಇಸವಿ. ಮದುವೆ, ತಿಥಿಗಳಿಗೆ ಪಾತ್ರೆ ಊರೆಲ್ಲ ಸುತ್ತಿ ಬರುತ್ತಿದ್ದ ಕಾಲದಲ್ಲಿ ಅದು ಹಿಂತಿರುಗಲು ಬೇಕಿದ್ದ ಗುರುತು. ಹೊಲ, ಮನೆಗಳ ಪತ್ರದಲ್ಲಿ ಹೆಸರಿಲ್ಲದಿದ್ದ ಎಷ್ಟೋ ಅಜ್ಜಿಯರ ಹೆಸರು ಅಕ್ಷರದಲ್ಲಿ ಉಳಿದಿರುವುದು ಕೊಪ್ಪರಿಗೆಯ ಕತ್ತಿನಲ್ಲಿ ಮಾತ್ರ. ಪೇಟೆಯಲ್ಲಿ ಮೊದಲು ಅದನ್ನೇ ಉಜ್ಜಿ ಅಳಿಸುತ್ತಾರೆ, ಪಾಲಿಷ್ ಚೆನ್ನಾಗಿ ಕೂರಲಿ ಎಂದು. ಅಮ್ಮ ಅಳಿಸಲು ಬಿಡುವುದಿಲ್ಲ. ಪ್ರತಿ ಹೆಸರನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಯಾವ ಊರಿಂದ ಬಂತು, ಯಾರು ತಂದರು ಎಂಬುದೂ ಅದರಲ್ಲೇ. ಒಮ್ಮೆ ಕೆ.ಆರ್. ನಗರದ ಕಡೆಯವರೊಬ್ಬರು ಹಂಡೆಯ ಮೇಲಿನ ಹೆಸರು ನೋಡಿ ತಮ್ಮಜ್ಜಿಯದೇ ಎಂದು ಸಂಭ್ರಮಪಟ್ಟರು. ಹಿಂದೆಯೇ ಚೌಕಾಸಿಗೂ ಇಳಿದರು. ‘ಹೆಸರು ನಿಮ್ಮಜ್ಜಿಯದ್ದೇ ಇರಬಹುದು, ಬಿಲ್ಲು ನನ್ನದು’ ಎಂದಳು. ಅವಳು ಧರ್ಮಛತ್ರ ನಡೆಸುತ್ತಿಲ್ಲ.

ದೇವರನ್ನು ಏಕೆ ಕೊಳ್ಳುವುದಿಲ್ಲ ಎಂದರೆ, ‘ಗುಡಿಯಿಂದ ಎದ್ದು ಬಂದದ್ದೋ, ಎಬ್ಬಿಸಿ ತಂದದ್ದೋ ನನಗೇನು ಗೊತ್ತು’ ಎನ್ನುತ್ತಾಳೆ. ಈ ಪ್ರಶ್ನೆ ಎಂಥೆಂಥ ದೊಡ್ಡವರಿಗೂ ಹೊಳೆಯಲಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. 2014ರಲ್ಲಿ ಆ ನಟರಾಜ ಭಾರತಕ್ಕೆ ಮರಳಿದ. 2022ರಲ್ಲಿ ಕುಂಭಕೋಣದ ನ್ಯಾಯಾಲಯ ಕಪೂರ್‌ಗೆ ಹತ್ತು ವರ್ಷ ಶಿಕ್ಷೆ ವಿಧಿಸಿತು. ತಜ್ಞರೂ ವಕೀಲರೂ ಇದ್ದ ಸಂಸ್ಥೆ ಗಟ್ಟಿಯಾಗಿ ಕೇಳದ ಮಾತನ್ನು ಅಮ್ಮ ಮೋಪೆಡ್ಡಿನಲ್ಲಿ ಗೋಣಿಚೀಲ ಹೊತ್ತು ಬಂದ ಹುಡುಗನನ್ನು ಕೇಳುತ್ತಾಳೆ: ‘ಯಾರ ಮನೇದು? ಅವರ ಫೋನ್ ನಂಬರ್ ಕೊಡು.’ ಅರ್ಧಕ್ಕರ್ಧ ಜನ ಚೀಲ ಬಿಚ್ಚದೆಯೇ ವಾಪಸು ಹೋಗುತ್ತಾರೆ.

ಓಲೆಗರಿ ತಂದವರಿಗೆ ಅವಳು ಪ್ರಾಚ್ಯವಿದ್ಯಾ ಸಂಶೋಧನಾಲಯದ ದಾರಿ ತೋರಿಸುತ್ತಾಳೆ. ಮೈಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಲೋಕಕ್ಕೆ ಸಿಕ್ಕಿದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ಇಲ್ಲಿಗೆ ತಂದುಕೊಟ್ಟ ಕಟ್ಟಿನಿಂದ. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಆ ಕಟ್ಟು ಹರಾಜಿಗೆ ಹೋಗಿದ್ದರೆ ಎಂದು ಒಮ್ಮೆ ಯೋಚಿಸಿ.

ಇಂಥ ಅಂಗಡಿಗಳ ಮೇಲೆ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಲಾಗದು. ಹಳ್ಳಿಯ ಅಟ್ಟ ಬರಿದು ಮಾಡಿ ರೆಸಾರ್ಟುಗಳ ಗೋಡೆ ತುಂಬಿಸುತ್ತಾರೆ ಎಂಬುದು. ಹಾಗೆ ಮಾಡುವವರಿದ್ದಾರೆ. ತೊಟ್ಟಿಮನೆಯ ಕಂಬ ಕಿತ್ತು ಹೋಟೆಲಿನ ಬಾರಿಗೆ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಹಿತ್ತಾಳೆ ಪಾತ್ರೆ ಅಡುಗೆಮನೆ ಬಿಟ್ಟಿದ್ದು ಅಂಗಡಿಯವರಿಂದಲ್ಲ. ಸ್ಟೀಲು ಬಂತು, ಕಲಾಯಿ ಹಾಕುವವರು ಬೀದಿಗೆ ಬರುವುದು ನಿಂತಿತು, ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸಲಾಗದು. ಪಾತ್ರೆ ಅಟ್ಟ ಸೇರಿತು. ಅಟ್ಟದಿಂದ ಅದಕ್ಕಿದ್ದ ದಾರಿ ಕುಲುಮೆಯದೊಂದೇ. ಜನಪದ ವಸ್ತುಗಳನ್ನು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸಕ್ಕೆ ತಂದವರು, ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು, ಕೆಡವುತ್ತಿದ್ದ ಮನೆಗಳನ್ನೇ ಎತ್ತಿ ತಂದು ಮಣಿಪಾಲದಲ್ಲಿ ನಿಲ್ಲಿಸಿದ ವಿಜಯನಾಥ ಶೆಣೈ, ಎಲ್ಲರೂ ಓಡಿದ್ದು ಆ ಕುಲುಮೆಗಿಂತ ಮೊದಲು ತಲುಪಲಿಕ್ಕೆ. ಅಮ್ಮನನ್ನು ಅವರ ಸಾಲಿಗೆ ಸೇರಿಸುವಷ್ಟು ಮಗಳ ಮೋಹ ನನಗಿಲ್ಲ. ಅವಳು ಮಾರುತ್ತಾಳೆ, ಲಾಭ ಇಟ್ಟುಕೊಳ್ಳುತ್ತಾಳೆ. ಆದರೆ ಮಾರಿದ ಪಾತ್ರೆಯ ಜೊತೆ ಊರು, ಹೆಸರು ಬರೆದ ಚೀಟಿಯನ್ನೂ ಕೊಡುತ್ತಾಳೆ. ಪುರಾತತ್ವ ಇಲಾಖೆಯ ನೋಂದಣಿ ನಡೆಯುವುದು ಮುಖ್ಯವಾಗಿ ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳಿಗೆ. ಅಡುಗೆಮನೆಯ ಸಾಮಾನಿಗೆ ಅಂಥ ಪಟ್ಟಿಯಿಲ್ಲ. ಜಿಲ್ಲೆಗೊಂದು ವಸ್ತುಸಂಗ್ರಹಾಲಯ ಬೇಕೆಂದು ಭಾಷಣ ಮಾಡುವವರು ಮೊದಲು ತಾಲ್ಲೂಕಿಗೊಂದು ಇಂಥ ಪುಸ್ತಕ ಇಡಿಸಲಿ, ಖರ್ಚೂ ಕಡಿಮೆ.

ನೀವೂ ಮನೆ ಖಾಲಿ ಮಾಡುವಾಗ ಪಾತ್ರೆಯನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ಕತ್ತಿನ ಮೇಲಿನ ಹೆಸರು ಓದಿ, ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ಮಾರಿ. ಕಲ್ಲು, ವಿಗ್ರಹ, ಓಲೆಗರಿ ಸಿಕ್ಕಿದರೆ ಮಾತ್ರ ಯಾವ ವ್ಯಾಪಾರಿಗೂ ತೋರಿಸಬೇಡಿ, ನನ್ನ ಅಮ್ಮನಿಗೂ.