ಷಿಯಾನಿನಲ್ಲಿ ಕಡುಬಿನ ಪಾಠ

ಮಲ್ಲೇಶ್ವರದ ಒಂದು ಮನೆಯಲ್ಲಿ, ಗಣೇಶನ ಹಬ್ಬದ ಮುನ್ನಾದಿನ ಅಡಿಗೆಯ ಕೆಲಸಗಳು ಹಂಚಿಹೋಗುವ ಕ್ರಮ ಹನ್ನೊಂದು ವರ್ಷಗಳಿಂದ ಬದಲಾಗಿಲ್ಲ. ಕಾಯಿ ತುರಿಯುವುದು, ಬೆಲ್ಲ ಕುಟ್ಟುವುದು, ಏಲಕ್ಕಿ ಪುಡಿ ಮಾಡುವುದು, ಎಲ್ಲ ಮುಗಿದಮೇಲೆ ಪಾತ್ರೆಗಳನ್ನು ತೊಳೆದಿಡುವುದು ಸೊಸೆಯ ಪಾಲು. ಕಣಕ ಕಲಸುವುದು, ಲಟ್ಟಿಸುವುದು, ಹೂರಣ ತುಂಬಿ ಕರ್ಜಿಕಾಯಿಯ ಅಂಚನ್ನು ಹಗ್ಗದಂತೆ ಹೆಣೆದು ಮುಚ್ಚುವುದು ಅತ್ತೆಯವರ ಪಾಲು. "ಅದು ನಿನಗೆ ಬರುವುದಿಲ್ಲಮ್ಮ, ಎಣ್ಣೆಯಲ್ಲಿ ಬಾಯಿ ಬಿಟ್ಟರೆ ಹೂರಣವೆಲ್ಲ ಹಾಳು" ಎಂದು ಮೊದಲನೆಯ ವರ್ಷ ಅತ್ತೆಯವರು ಹೇಳಿದ್ದರು. ಸೊಸೆ ಬ್ಯಾಂಕಿನಲ್ಲಿ ಕೋಟಿಗಟ್ಟಲೆ ರೂಪಾಯಿಯ ಸಾಲದ ಪತ್ರಗಳಿಗೆ ಸಹಿ ಹಾಕುವ ಅಧಿಕಾರಿಣಿ. ಆ ಮಾತಿಗೆ ಅವಳು ಮರುಮಾತು ಆಡಲಿಲ್ಲ, ಮರೆಯಲೂ ಇಲ್ಲ.

ಇಂತಹ ಅತ್ತೆ ಸೊಸೆಯರು ಒಂದು ವಸಂತದ ಅಪರಾಹ್ನ ಚೀನಾ ದೇಶದ ಷಿಯಾನ್ ನಗರದಲ್ಲಿ, ಒಂದೇ ಹಲಗೆಯ ಎರಡು ಬದಿಗಳಲ್ಲಿ, ಸೊಂಟಕ್ಕೆ ಒಂದೇ ಬಣ್ಣದ ಬಟ್ಟೆ ಕಟ್ಟಿಕೊಂಡು, ವಿದ್ಯಾರ್ಥಿನಿಯರಾಗಿ ನಿಲ್ಲಬೇಕಾಗಿ ಬಂತು. ಎಂಜಿನಿಯರನಾದ ಮಗನಿಗೆ ಅಲ್ಲಿ ಮೂರು ದಿನಗಳ ಸಮ್ಮೇಳನ. ಅವನ ಜೊತೆಗೆ ಬಂದ ಹೆಂಗಸರಿಬ್ಬರೂ ಮೊದಲೆರಡು ದಿನಗಳಲ್ಲಿ ನೋಡತಕ್ಕದ್ದನ್ನೆಲ್ಲ ನೋಡಿ ಮುಗಿಸಿದ್ದರು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕ ಮಣ್ಣಿನ ಸೈನ್ಯವನ್ನು ನೋಡಿದರು. ಮಿಂಗ್ ಅರಸರ ಕಾಲದ, ಸುಮಾರು ಹದಿನಾಲ್ಕು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯ ಮೇಲೆ ಒಂದಷ್ಟು ದೂರ ನಡೆದು ಕಾಲು ನೋಯಿಸಿಕೊಂಡರು.

ಅತ್ತೆಯವರ ಮನಸ್ಸನ್ನು ನಿಜವಾಗಿ ಹಿಡಿದದ್ದು ನಗರದ ದಕ್ಷಿಣಕ್ಕಿರುವ, ಕಾಡುಹಂಸದ ಹೆಸರು ಹೊತ್ತ ದೊಡ್ಡ ಇಟ್ಟಿಗೆಯ ಗೋಪುರ. ಷಿಯಾನಿಗೆ ಛಾಂಗಾನ್ ಎಂಬ ಹೆಸರಿದ್ದ ಟಾಂಗ್ ಚಕ್ರವರ್ತಿಗಳ ಕಾಲದಲ್ಲಿ, 652ರಲ್ಲಿ, ಆ ಗೋಪುರ ಎದ್ದದ್ದು ಯಾತ್ರಿಕ ಹ್ಯೂಯೆನ್ ತ್ಸಾಂಗನು ಭಾರತದಿಂದ ಹೊತ್ತು ತಂದ ಗ್ರಂಥಗಳಿಗಾಗಿ. ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನೂ ಅವನ ಪ್ರಜೆಗಳ ಸ್ವಾಭಿಮಾನವನ್ನೂ ಕುರಿತು ಬರೆದಿಟ್ಟ ಆ ಭಿಕ್ಷುವಿನ ಹೆಸರನ್ನು ಅತ್ತೆಯವರು ಹೈಸ್ಕೂಲಿನ ಚರಿತ್ರೆಯ ಪುಸ್ತಕದಲ್ಲಿ ಉರು ಹೊಡೆದಿದ್ದರು. "ನಮ್ಮ ಪುಲಿಕೇಶಿಯ ಸುದ್ದಿ ಇಲ್ಲಿಯವರೆಗೂ ಬಂದಿತ್ತು ನೋಡೇ" ಎಂದು ಅವರು ಗೋಪುರದ ಬುಡದಲ್ಲಿ ನಿಂತು ಸೊಸೆಗೆ ಹೇಳಿದರು. ಪ್ರವಾಸ ಹೊರಟಮೇಲೆ ಊಟದ ವಿಷಯವನ್ನು ಬಿಟ್ಟು ಅವರು ತಾವಾಗಿಯೇ ಆಡಿದ ಮೊದಲ ಮಾತು ಅದು.

ಊಟದ ವಿಷಯವೆಂದರೆ, ಪೆಟ್ಟಿಗೆಯಲ್ಲಿ ತಂದ ಗೊಜ್ಜವಲಕ್ಕಿಯೂ ಚಟ್ನಿಪುಡಿಯೂ ಮೂರನೆಯ ದಿನಕ್ಕೆ ತಳ ಕಂಡಿದ್ದವು. ಅಡಿಗೆಯ ತರಗತಿಗೆ ಸೇರೋಣವೆಂದು ಸೊಸೆ ಹೇಳಿದ್ದು ಅರ್ಧ ಈ ಕಾರಣದಿಂದಲೇ. ಕಣ್ಣೆದುರಿಗೆ ತಾನೇ ಮಾಡಿದ್ದನ್ನಾದರೂ ಅತ್ತೆಯವರು ಅನುಮಾನವಿಲ್ಲದೆ ತಿಂದಾರು ಎಂಬುದು ಅವಳ ಎಣಿಕೆ. ಉಳಿದರ್ಧ ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ.

ಕಲಿಸುವಾಕೆ ಐವತ್ತರ ಆಸುಪಾಸಿನ ಗೃಹಿಣಿ. ಕೋಟೆಯ ಒಳಗಿನ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ, ತಮ್ಮ ಅಡಿಗೆಮನೆಯಲ್ಲಿಯೇ, ಪ್ರವಾಸಿಗಳಿಗೆ ಜಿಯಾವ್‌ಜಿ ಮಾಡುವುದನ್ನು ಕಲಿಸುತ್ತಾರೆ. ಜಿಯಾವ್‌ಜಿ ಎಂದರೆ ಗೋಧಿಹಿಟ್ಟಿನ ಹಾಳೆಯೊಳಗೆ ಹೂರಣವಿಟ್ಟು ನೀರಿನಲ್ಲಿ ಬೇಯಿಸುವ ಕಡುಬು. ಅತ್ತೆಯವರಿಗೆ ಇಂಗ್ಲಿಷ್ ಓದಲು ಬರುತ್ತದೆಯಾದರೂ ಆಕೆಯ ಉಚ್ಚಾರಣೆ ತಿಳಿಯದು. ಆದ್ದರಿಂದ ದುಭಾಷಿಯ ಕೆಲಸ ಸೊಸೆಗೆ ಬಂತು. ಇಂಗ್ಲಿಷ್ ಸೋತಲ್ಲಿ ಸೊಸೆಯ ಫೋನು ಚೀನೀ ಭಾಷೆಯಲ್ಲಿ ಮಾತನಾಡಿ ನೆರವಾಯಿತು. ಅಂದು ಇವರೊಡನೆ ಪಾಠಕ್ಕೆ ನಿಂತವರು ಹಾಲೆಂಡಿನ ಇಬ್ಬರು ತರುಣರು.

ಮೊದಲನೆಯ ತೊಡಕು ಹೂರಣದ್ದೇ. ತಾವು ಶಾಕಾಹಾರಿಗಳೆಂದು ಸೊಸೆ ಮೊದಲೇ ತಿಳಿಸಿದ್ದಳು. ಅದಕ್ಕೆ ತಕ್ಕಂತೆ ಆಕೆ ಬಲು ಅಕ್ಕರೆಯಿಂದ ಹುರಿದ ಮೊಟ್ಟೆಯನ್ನೂ ಸಣ್ಣಗೆ ಹೆಚ್ಚಿದ ಈರುಳ್ಳಿ ಜಾತಿಯ ಸೊಪ್ಪನ್ನೂ ಕಲಸಿ ಸಿದ್ಧವಾಗಿಟ್ಟಿದ್ದರು. ಮಾಂಸವಿಲ್ಲದ ಕಡುಬು ಎಂದರೆ ಉತ್ತರ ಚೀನಾದ ಮನೆಗಳಲ್ಲಿ ಸಾಮಾನ್ಯವಾಗಿ ಇದೇ. ಅತ್ತೆಯವರು ಬಟ್ಟಲನ್ನು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಮೊಟ್ಟೆ ಬೇಡ, ಈರುಳ್ಳಿ ಬೇಡ, ಬೆಳ್ಳುಳ್ಳಿಯೂ ಬೇಡ ಎಂದು ಸೊಸೆ ಸಂಕೋಚದಿಂದ ಹೇಳಿದಾಗ ಆಕೆಯ ಮುಖ ಸಣ್ಣದಾಗುವ ಬದಲು ಅರಳಿತು. "ಓಹೋ, ದೇವಸ್ಥಾನದ ಊಟ!" ಎಂದರು. ಚೀನಾದ ಬೌದ್ಧ ಭಿಕ್ಷುಗಳಿಗೆ ಬೆಳ್ಳುಳ್ಳಿ, ಈರುಳ್ಳಿ ಮೊದಲಾದ ಐದು ಘಾಟಿನ ಪದಾರ್ಥಗಳು ವರ್ಜ್ಯ. ಪರದೇಶದಲ್ಲಿ ತನ್ನನ್ನು ಹಟಮಾರಿ ಮುದುಕಿಯೆಂದು ಎಣಿಸುವರೆಂದು ಹೆದರಿದ್ದ ಹೆಂಗಸಿಗೆ, ಇಲ್ಲಿಯೂ ತನ್ನ ಪಂಕ್ತಿಯೊಂದಿದೆ ಎಂದು ತಿಳಿದಾಗ ಆದ ಸಮಾಧಾನ ಸಾಮಾನ್ಯವಾದುದಲ್ಲ.

ಹೊಸ ಹೂರಣ ಹತ್ತು ನಿಮಿಷಗಳಲ್ಲಿ ಸಿದ್ಧವಾಯಿತು. ಚೀನೀ ಉದ್ದ ಕೋಸನ್ನು ಸಣ್ಣಗೆ ಕೊಚ್ಚಿ, ಉಪ್ಪು ಸವರಿ, ಅದು ಬಿಟ್ಟ ನೀರನ್ನು ಬಟ್ಟೆಯಲ್ಲಿ ಹಿಂಡಿ ತೆಗೆದರು. ಅದಕ್ಕೆ ಕ್ಯಾರಟ್, ತೋಫು, ಹೆಸರುಕಾಳಿನ ಪಿಷ್ಟದ ಗಾಜಿನಂತಹ ಶಾವಿಗೆ, ಶುಂಠಿ. ಕೊನೆಗೆ ಘಮಘಮಿಸುವ ಎಳ್ಳೆಣ್ಣೆ. ಎಣ್ಣೆಯನ್ನು ಉಪ್ಪಿಗಿಂತ ಮೊದಲೇ ಹಾಕಿದರೆ ತರಕಾರಿಗೆ ಕವಚ ತೊಡಿಸಿದಂತಾಗಿ ಮತ್ತೆ ನೀರು ಬಿಡುವುದು ಕಡಿಮೆಯಾಗುತ್ತದೆಂದು ಆಕೆ ತೋರಿಸಿಕೊಟ್ಟರು. ಅಣಬೆಯನ್ನು ಅತ್ತೆಯವರು ಬೇಡವೆಂದು ಬದಿಗೆ ಸರಿಸಿದರು. ಕುದಿಸುವುದಕ್ಕೆ ಬೇರೆಯದೇ ಪಾತ್ರೆ ಬಂತು. ಅದನ್ನು ಅತ್ತೆಯವರು ಮೂಸಿ ನೋಡಿದ್ದು ನಿಜ, ಆಕೆ ಅದನ್ನು ಕಂಡರೂ ಕಾಣದಂತಿದ್ದುದೂ ನಿಜ.

ಅರ್ಧ ಕಿಲೋ ಗೋಧಿಹಿಟ್ಟಿಗೆ ಸುಮಾರು ಕಾಲು ಲೀಟರ್ ತಣ್ಣೀರು. ಹಿಟ್ಟು ನುಣುಪಾಗಬೇಕು, ಬೋಗುಣಿ ಚೊಕ್ಕಟವಾಗಬೇಕು, ಕೈ ಚೊಕ್ಕಟವಾಗಬೇಕು. ಈ ಮೂರೂ ಆದಾಗಲೇ ನಾದಿದ್ದು ಸರಿ ಎಂಬುದು ಅಲ್ಲಿನವರ ಲೆಕ್ಕ. ಹದ ಹೇಗಿರಬೇಕೆಂದು ಕೇಳಿದರೆ ಆಕೆ ತಮ್ಮ ಕಿವಿಯ ಹಾಲೆಯನ್ನು ಹಿಡಿದು ತೋರಿಸಿದರು. ಅತ್ತೆಯವರು ತಮ್ಮ ಓಲೆಯನ್ನು ಸರಿಸಿ ಕಿವಿ ಮುಟ್ಟಿ ನೋಡಿಕೊಂಡು, ಹಿಟ್ಟು ಮುಟ್ಟಿ ನೋಡಿ, ತಲೆದೂಗಿದರು. ಈ ಪಾಠಕ್ಕೆ ದುಭಾಷಿ ಬೇಕಾಗಲಿಲ್ಲ.

ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಆ ಅರ್ಧ ಗಂಟೆ ಕಥೆಗೆ ಮೀಸಲು. ಹಾನ್ ಅರಸರ ಕೊನೆಗಾಲದಲ್ಲಿ ಝಾಂಗ್ ಝೋಂಗ್‌ಜಿಂಗ್ ಎಂಬ ಪ್ರಸಿದ್ಧ ವೈದ್ಯನಿದ್ದನು. ಜ್ವರಗಳನ್ನು ಕುರಿತು ಅವನು ಬರೆದ ಗ್ರಂಥವನ್ನು ಚೀನೀ ವೈದ್ಯರು ಇಂದಿಗೂ ಓದುತ್ತಾರೆ. ಚಳಿಗಾಲದಲ್ಲಿ ಅವನು ತನ್ನ ಊರಿಗೆ ಮರಳಿದಾಗ ಬಡವರ ಕಿವಿಗಳು ಹಿಮದ ಹೊಡೆತಕ್ಕೆ ಹುಣ್ಣಾಗಿರುವುದನ್ನು ಕಂಡು, ಕುರಿಯ ಮಾಂಸವನ್ನೂ ಮೈ ಬಿಸಿಮಾಡುವ ಮೂಲಿಕೆಗಳನ್ನೂ ಹಿಟ್ಟಿನಲ್ಲಿ ಕಿವಿಯಾಕಾರಕ್ಕೆ ಸುತ್ತಿ, ಬೇಯಿಸಿ, ಸಾರಿನೊಡನೆ ಹಂಚಿದನೆಂದು ಐತಿಹ್ಯ. ಹಗಲು ಅತಿ ಗಿಡ್ಡವಾಗಿರುವ ಚಳಿಗಾಲದ ದಿನ ಜಿಯಾವ್‌ಜಿ ತಿನ್ನದವನ ಕಿವಿ ಉದುರಿಹೋಗುವುದೆಂದು ಉತ್ತರದವರು ಮಕ್ಕಳನ್ನು ಹೆದರಿಸುವುದುಂಟು. ಕಥೆಯಲ್ಲಿ ಕುರಿಮಾಂಸ ಬಂದ ಕಡೆ ಸೊಸೆ ಆ ಮಾತನ್ನು ಮೆಲ್ಲನೆ ನುಂಗಿ, "ಏನೋ ಔಷಧವಂತೆ ಅತ್ತೆ" ಎಂದಷ್ಟೇ ಹೇಳಿದಳು. ವೈದ್ಯನ ಕಥೆಯನ್ನು ನಂಬಲಿ ಬಿಡಲಿ, ಈ ತಿಂಡಿಯ ಹಳಮೆಗೆ ಬೇರೆ ಸಾಕ್ಷಿಯುಂಟು. ಟರ್ಫಾನಿನ ಮರುಭೂಮಿಯಲ್ಲಿ ಟಾಂಗ್ ಕಾಲದ ಗೋರಿಗಳನ್ನು ಅಗೆದಾಗ, ಒಣಹವೆಯಲ್ಲಿ ಕೆಡದೆ ಉಳಿದ ಜಿಯಾವ್‌ಜಿಗಳು ಬಟ್ಟಲಲ್ಲಿಯೇ ಸಿಕ್ಕವು. ಹ್ಯೂಯೆನ್ ತ್ಸಾಂಗನು ಭಾರತಕ್ಕೆ ಹೊರಟ ಹಾದಿ ಆ ಸೀಮೆಯನ್ನು ಹಾದೇ ಹೋಗುತ್ತದೆ. ಅವನಿಗೂ ಯಾರಾದರೂ ಈರುಳ್ಳಿಯಿಲ್ಲದ ಕಡುಬನ್ನು ಮಾಡಿ ಬಡಿಸಿದರೋ ಏನೋ!

ಇನ್ನು ಲಟ್ಟಿಸುವ ಕೆಲಸ. ಅತ್ತೆಯವರ ಮುಖದಲ್ಲಿ ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ತಿಳಿದವರ ನೆಮ್ಮದಿ ಕಾಣುತ್ತಿತ್ತು. ಅವರು ಗೇಣುದ್ದದ, ಹಿಡಿಯಿಲ್ಲದ ಆ ಪುಟ್ಟ ಲಟ್ಟಣಿಗೆಯನ್ನು ಎರಡು ಕೈಗಳಿಂದಲೂ ಹಿಡಿದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಂದ್ರನಂತಹ ದುಂಡನೆಯ, ಎಲ್ಲೆಡೆಯೂ ಒಂದೇ ತೆಳುವಿನ ಹಾಳೆಯನ್ನು ಲಟ್ಟಿಸಿ ಮುಂದಿಟ್ಟರು. ಕಲಿಸುವಾಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮುಗುಳುನಕ್ಕು, ಅಲ್ಲವೆಂದು ತಲೆಯಾಡಿಸಿದರು.

ಜಿಯಾವ್‌ಜಿಯ ಹಾಳೆಯ ನಡು ದಪ್ಪವಾಗಿಯೂ ಅಂಚು ತೆಳುವಾಗಿಯೂ ಇರಬೇಕು. ಮುಚ್ಚುವಾಗ ಅಂಚು ಅಂಚಿನ ಮೇಲೆ ಕುಳಿತು ಎರಡರಷ್ಟಾಗುತ್ತದೆ. ಅಲ್ಲಿ ದಪ್ಪವಾದರೆ ಬೇಯದೆ ಹಸಿಯಾಗಿ ಉಳಿಯುತ್ತದೆ. ನಡುಭಾಗ ಒದ್ದೆ ಹೂರಣದ ಭಾರ ಹೊತ್ತು ಕುದಿಯುವ ನೀರಿನಲ್ಲಿ ಹೊರಳಬೇಕು. ಅಲ್ಲಿ ತೆಳುವಾದರೆ ಒಡೆಯುತ್ತದೆ. ಆದ್ದರಿಂದ ಎಡಗೈ ಹಾಳೆಯನ್ನು ತಿರುಗಿಸುತ್ತಿರಬೇಕು, ಬಲಗೈಯ ಲಟ್ಟಣಿಗೆ ಅಂಚಿನಿಂದ ನಡುವಿನವರೆಗೆ ಮಾತ್ರ ಹೋಗಿ ಹಿಂದಿರುಗಬೇಕು. ನಲವತ್ತು ವರ್ಷ ಎರಡು ಕೈಗಳಿಂದ ಲಟ್ಟಿಸಿದವರಿಗೆ ಇದು ಎಡಗೈಯಲ್ಲಿ ರಂಗೋಲಿ ಬಿಡಿಸಿದಂತೆ. ಅತ್ತೆಯವರ ಲಟ್ಟಣಿಗೆ ಅಭ್ಯಾಸಬಲದಿಂದ ಪ್ರತಿಸಲವೂ ನಡುವನ್ನು ದಾಟಿಯೇ ಹೋಗುತ್ತಿತ್ತು. ಎಂದೂ ಲಟ್ಟಣಿಗೆ ಹಿಡಿಯದ ಸೊಸೆಗೆ ಮರೆಯಬೇಕಾದ ಅಭ್ಯಾಸವೇ ಇರಲಿಲ್ಲ. ಐದಾರು ಹಾಳೆಗಳು ಕೆಟ್ಟಮೇಲೆ ಅವಳ ಕೈಗೆ ಹದ ಸಿಕ್ಕಿಬಿಟ್ಟಿತು. ಹೂರಣವಿಟ್ಟು, ಅರ್ಧಕ್ಕೆ ಮಡಿಸಿ, ಒಂದು ಬದಿಯ ಅಂಚಿಗೆ ಮಾತ್ರ ನಿರಿಗೆ ಹಿಡಿದು ಒತ್ತಿದಳು. ಹಳೆಯ ಕಾಲದ ಚೀನೀ ಬೆಳ್ಳಿಗಟ್ಟಿಯ ಆಕಾರದಲ್ಲಿ ಅದು ತಟ್ಟೆಯ ಮೇಲೆ ನೆಟ್ಟಗೆ ಕುಳಿತಿತು.

"ಎಲ್ಲಿ ಕಲಿತೆ?" ಎಂದು ಕಲಿಸುವಾಕೆ ಸೊಸೆಯನ್ನು ಕೇಳಿದರು.

ಏನು ಕೇಳಿದರೆಂದು ಅತ್ತೆಯವರಿಗೆ ತಿಳಿಯಬೇಕಾಗಿತ್ತು. ಸೊಸೆ ಹೇಳಿದಳು. ಅತ್ತೆಯವರು ಹಲಗೆಯ ಮೇಲಿನ ಕಣ್ಣೆತ್ತದೆ, "ಅವಳೆಲ್ಲೂ ಕಲಿತಿಲ್ಲ, ಹಾಳು ಮಾಡುತ್ತಾಳೆಂದು ನಾನು ಇಷ್ಟು ವರ್ಷ ಮುಟ್ಟಲು ಬಿಟ್ಟಿಲ್ಲ ಎಂದು ಹೇಳು" ಎಂದರು.

ತನ್ನ ಮೇಲಿನ ದೂರನ್ನು ತಾನೇ ಭಾಷಾಂತರಿಸುವ ಪ್ರಸಂಗ ಎಲ್ಲ ಸೊಸೆಯಂದಿರಿಗೂ ಬರುವುದಿಲ್ಲ. ಅವಳು ಒಂದು ಕ್ಷಣ ತಡೆದು, ಒಂದಕ್ಷರವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಕಲಿಸುವಾಕೆ ಬಿದ್ದು ಬಿದ್ದು ನಕ್ಕರು. ಕೈಯ ಹಿಟ್ಟನ್ನು ಒರೆಸಿಕೊಂಡು ಸ್ವಲ್ಪ ಹೊತ್ತು ಮಾತನಾಡಿದರು. ನಡುವೆ ಫೋನೂ ಒಂದೆರಡು ವಾಕ್ಯಗಳನ್ನು ನುಡಿಯಿತು. ಸೊಸೆ ಅದನ್ನು ಕನ್ನಡಿಸಿದಳು: "ಅವರ ಅತ್ತೆಯೂ ಹೀಗೆಯೇ ಅಂತೆ. ಹೊಸ ವರ್ಷದ ಹಿಂದಿನ ರಾತ್ರಿ ಮನೆಯವರೆಲ್ಲ ಸೇರಿ ಜಿಯಾವ್‌ಜಿ ಮಾಡುವಾಗ ಇವರಿಗೆ ಒಂಬತ್ತು ವರ್ಷ ಬೆಳ್ಳುಳ್ಳಿ ಬಿಡಿಸುವ ಕೆಲಸವನ್ನೇ ಕೊಟ್ಟರಂತೆ. ಹತ್ತನೆಯ ವರ್ಷ ಅವರ ಕೈ ನೋವು ಬಂದು, ಏನೂ ಮಾತಾಡದೆ ಲಟ್ಟಣಿಗೆಯನ್ನು ಇವರ ಮುಂದೆ ಇಟ್ಟರಂತೆ. ಅಷ್ಟು ವರ್ಷ ನೋಡುತ್ತಲೇ ಇದ್ದುದರಿಂದ ಅಂದೇ ಬಂದುಬಿಟ್ಟಿತಂತೆ."

ಅತ್ತೆಯವರು ಲಟ್ಟಣಿಗೆಯನ್ನು ನಿಲ್ಲಿಸಿದರು. "ಅಷ್ಟೇನಾ? ಆಕೆ ಇನ್ನೂ ಏನೋ ಹೇಳಿದರು."

"ಅಷ್ಟೇ ಅತ್ತೆ."

"ಆಗ ವೈದ್ಯನ ಕಥೆಯಲ್ಲಿಯೂ ನೀನು ಏನೋ ಬಿಟ್ಟೆ. ನನಗೆ ಭಾಷೆ ತಿಳಿಯದಿರಬಹುದು, ಮುಖ ತಿಳಿಯುತ್ತದೆ. ಹೇಳು."

ಸೊಸೆ ತಲೆ ತಗ್ಗಿಸಿ ಹೇಳಿದಳು: "ಆ ಒಂಬತ್ತು ವರ್ಷವೂ ಒಳಗೆ ಕೋಪವಿತ್ತಂತೆ. ಅವರಿರುವಾಗ ಅದನ್ನು ಹೇಳಲು ಆಗಲಿಲ್ಲವಂತೆ. ಈಗ ಅವರಿಲ್ಲ."

ಹಾಲೆಂಡಿನ ತರುಣರು ತಮ್ಮ ಹೂರಣವೆಲ್ಲ ಹೊರಬಂದಿತೆಂದು ಗಟ್ಟಿಯಾಗಿ ನಗುತ್ತಿದ್ದರು. ಅತ್ತೆಯವರು ಏನೂ ಹೇಳಲಿಲ್ಲ. ತಾವು ಲಟ್ಟಿಸಿದ ಹಾಳೆಗೆ ಹೂರಣ ತುಂಬಿ, ಕರ್ಜಿಕಾಯಿಗೆ ಹಾಕುವಂತೆಯೇ ಅಂಚನ್ನು ಹೆಣೆದು ತಟ್ಟೆಯಲ್ಲಿಟ್ಟರು. ಅದನ್ನು ಕಂಡು ಕಲಿಸುವಾಕೆ ಬೆರಗಿನಿಂದ ತಮಗೂ ತೋರಿಸಿಕೊಡಬೇಕೆಂದು ಕೈ ಸನ್ನೆಯಿಂದ ಬೇಡಿದರು. ಅತ್ತೆಯವರು ಮೂರು ಸಲ ತೋರಿಸಿದರು. ಎರಡನೆಯ ಸಲ, ಎದುರಿಗೆ ನಿಂತಿದ್ದ ಸೊಸೆಗೆ ಕಾಣುವಂತೆ ತಟ್ಟೆಯನ್ನು ಸ್ವಲ್ಪ ತಿರುಗಿಸಿಕೊಂಡರು.

ಬೇಯಿಸುವುದರಲ್ಲಿಯೂ ಒಂದು ಉಪಾಯವಿದೆ. ನೀರು ಉಕ್ಕಿ ಬಂದಾಗಲೆಲ್ಲ ಒಂದು ಬಟ್ಟಲು ತಣ್ಣೀರು ಸುರಿಯಬೇಕು. ಮಾಂಸದ್ದಾದರೆ ಹೀಗೆ ಮೂರು ಸಲ. ತರಕಾರಿಯದಾದರೆ ಅಷ್ಟು ಬೇಡ. ಕುದಿ ತಗ್ಗಿದರೆ ಹಾಳೆ ಒಡೆಯದೆ ಒಳಗಿನವರೆಗೂ ಬೇಯುತ್ತದೆ. ಎಷ್ಟಾದರೂ ಅತ್ತೆಯವರ ಹದಿನಾರರಲ್ಲಿ ಮೂರು ಒಡೆದವು. ಸೊಸೆಯ ಹದಿನೆಂಟರಲ್ಲಿ ಒಂದು. ಅತ್ತೆಯವರು ಒಡೆದವುಗಳನ್ನು ಚಮಚದಿಂದ ತಿರುವಿ ನೋಡಿ, "ಅಂಚು ಬಿಟ್ಟಿಲ್ಲ, ಹೊಟ್ಟೆ ಒಡೆದಿದೆ" ಎಂದು ತೀರ್ಪು ಕೊಟ್ಟರು. ಸೊಸೆಯದು ಅಂಚಿನಲ್ಲಿಯೇ ಬಾಯಿ ಬಿಟ್ಟಿತ್ತು. "ಬೆರಳಿಗೆ ಎಣ್ಣೆ ತಗುಲಿತ್ತು. ಎಣ್ಣೆ ಮುಟ್ಟಿದರೆ ಹಿಟ್ಟು ಅಂಟುವುದಿಲ್ಲ, ಒರೆಸಿಕೊಂಡು ಒತ್ತಬೇಕು" ಎಂದು ಅವರು ಸೇರಿಸಿದರು. ಹನ್ನೊಂದು ವರ್ಷಗಳಲ್ಲಿ ಕರ್ಜಿಕಾಯಿಯ ವಿದ್ಯೆಯಿಂದ ಸೊಸೆಗೆ ದೊರೆತ ಮೊದಲನೆಯ ಸೂತ್ರ ಇದು.

ಷಿಯಾನಿನವರಿಗೆ ಜಿಯಾವ್‌ಜಿಯನ್ನು ಹುಳಿ ಸಾರಿನಲ್ಲಿ ತೇಲಿಸಿ ತಿನ್ನುವುದು ಇಷ್ಟ. ಧಾನ್ಯದಿಂದ ಇಳಿಸಿದ ಕಪ್ಪು ವಿನಿಗರ್, ಮೆಣಸಿನಕಾಯಿ ಕಾಯಿಸಿದ ಎಣ್ಣೆ, ಎಳ್ಳು, ಕೊತ್ತಂಬರಿ. ಒಣಗಿದ ಸೀಗಡಿಯನ್ನು ಆಕೆ ತಾವಾಗಿಯೇ ಬಿಟ್ಟಿದ್ದರು. ವಿನಿಗರ್ ಬಡಿಸುತ್ತ ಅವರು ಇನ್ನೊಂದು ಕಥೆ ಹೇಳಿದರು. ಚೀನೀ ಭಾಷೆಯಲ್ಲಿ ವಿನಿಗರ್ ತಿನ್ನುವುದೆಂದರೆ ಮತ್ಸರಪಡುವುದೆಂದು ಅರ್ಥ. ಹ್ಯೂಯೆನ್ ತ್ಸಾಂಗನು ಯಾತ್ರೆಯಿಂದ ಮರಳಿದಾಗ ಆಳುತ್ತಿದ್ದ ಟೈಝೋಂಗ್ ಚಕ್ರವರ್ತಿ, ತನ್ನ ಮಂತ್ರಿಗೆ ಇನ್ನೊಬ್ಬಳು ಹೆಣ್ಣನ್ನು ಕೊಡಲು ಬಯಸಿದನಂತೆ. ಮಂತ್ರಿಯ ಹೆಂಡತಿ ಒಪ್ಪಲಿಲ್ಲ. ಒಪ್ಪು, ಇಲ್ಲವೇ ಈ ವಿಷ ಕುಡಿ ಎಂದು ಚಕ್ರವರ್ತಿ ಬಟ್ಟಲು ಕಳುಹಿಸಿದರೆ, ಅವಳು ಹಿಂದುಮುಂದು ನೋಡದೆ ಗಟಗಟನೆ ಕುಡಿದುಬಿಟ್ಟಳು. ಅದರಲ್ಲಿ ಇದ್ದುದು ವಿನಿಗರ್. ಈ ಕಥೆಯನ್ನು ಸೊಸೆ ಪೂರ್ತಿಯಾಗಿ ಹೇಳಿದಳು. ಅತ್ತೆಯವರು ಕೇಳಿ ಮುಗಿಸಿ, ಬಟ್ಟಲನ್ನು ಮುಂದಕ್ಕೆ ಚಾಚಿ, "ನನಗೆ ಇನ್ನೊಂದು ಚಮಚ ಹಾಕಲು ಹೇಳು" ಎಂದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕಡೆಯಲ್ಲಿ ಕಡುಬು ಬೆಂದ ನೀರನ್ನೇ ಬಟ್ಟಲಿಗೆ ಬಗ್ಗಿಸಿ ಕೊಟ್ಟರು. ಬೆಂದ ನೀರೇ ಬೆಂದದ್ದನ್ನು ಅರಗಿಸುತ್ತದೆ ಎಂಬುದು ಅಲ್ಲಿನ ನಂಬಿಕೆ. ಅನ್ನದ ಗಂಜಿ ಚೆಲ್ಲದ ಮನೆತನದಿಂದ ಬಂದ ಅತ್ತೆಯವರು ಅದನ್ನು ಚಕಾರವೆತ್ತದೆ ಕುಡಿದರು. ನಾಳೆ ಬೆಳಗ್ಗೆ ಹೊರಡುವುದಾಗಿ ತಿಳಿಸಿದಾಗ ಆಕೆ ಸಂತೋಷದಿಂದ ಕೈ ತಟ್ಟಿದರು: ಕುದುರೆಯಿಂದ ಇಳಿದವನಿಗೆ ಶಾವಿಗೆ, ಕುದುರೆ ಏರುವವನಿಗೆ ಜಿಯಾವ್‌ಜಿ ಎಂದು ಉತ್ತರದವರ ವಾಡಿಕೆಯಂತೆ.

ಆ ಸಂಜೆ ಕೋಟೆಯ ಒಳಗಿನ ಅಂಗಡಿಬೀದಿಯಲ್ಲಿ ಅತ್ತೆಯವರು ಮರದ ಸಾಮಾನಿನ ಅಂಗಡಿಯೊಂದರ ಮುಂದೆ ನಿಂತು, ದುಭಾಷಿಯ ನೆರವಿಲ್ಲದೆ, ಎರಡು ಬೆರಳು ತೋರಿಸಿ ವ್ಯಾಪಾರ ಮುಗಿಸಿದರು. ರಾತ್ರಿ ಹೋಟೆಲಿನಲ್ಲಿ ಪೆಟ್ಟಿಗೆ ಕಟ್ಟುವಾಗ ಗೇಣುದ್ದದ ಆ ಎರಡು ಕೋಲುಗಳನ್ನು ಕಂಡು ಮಗ ಕೇಳಿದನು:

"ಇದೇನಮ್ಮ, ಮನೆಯಲ್ಲಿ ಲಟ್ಟಣಿಗೆ ಇಲ್ಲವೇ?"

"ಇದೆ," ಎಂದರು ಅತ್ತೆಯವರು, ಸೀರೆ ಮಡಿಸುತ್ತ. "ಒಂದೇ ಇದೆ."