ಪರದೇಶದಲ್ಲಿ ಫ್ಲೂ ಬಂದಾಗ

ಹೊರದೇಶದಲ್ಲಿರುವ ಮಗನಿಗೋ ಮಗಳಿಗೋ ಜ್ವರ ಬಂದಿದೆಯೆಂಬ ಸುದ್ದಿ ತಲಪಿದ ಕೂಡಲೆ ತಾಯಿಯ ಬಾಯಿಂದ ಹೊರಡುವ ಮೊದಲ ಮಾತು “ಊರಿಗೆ ಬಂದುಬಿಡು” ಎಂಬುದು. ತಂದೆಯ ಮಾತು “ರಾಯಭಾರ ಕಚೇರಿಗೆ ತಿಳಿಸಿದೆಯಾ?” ಎಂಬುದು. ಎರಡೂ ವಾತ್ಸಲ್ಯದಿಂದ ಹುಟ್ಟಿದ ಮಾತುಗಳೇ ಸರಿ. ಆದರೆ ಫ್ಲೂ ಹಬ್ಬಿರುವ ಕಾಲದಲ್ಲಿ ಮೊದಲನೆಯದು ಅಪಾಯಕರವಾದುದು. ಎರಡನೆಯದರಿಂದ ನಿರೀಕ್ಷಿಸಿದಷ್ಟು ಪ್ರಯೋಜನವಿಲ್ಲ. ಬೆಂಗಳೂರು, ಮೈಸೂರು, ಮಂಗಳೂರುಗಳ ಯಾವ ಬೀದಿಯಲ್ಲಿ ನೋಡಿದರೂ ದುಬೈಯಲ್ಲೋ ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಮಕ್ಕಳಿರುವ ಮನೆಗಳು ನಾಲ್ಕಾರು ಸಿಕ್ಕುವ ಈ ಕಾಲದಲ್ಲಿ, ಇದೇಕೆ ಹೀಗೆಂಬುದನ್ನು ಜ್ವರ ಬರುವುದಕ್ಕೆ ಮೊದಲೇ ವಿಚಾರಮಾಡಿಕೊಳ್ಳುವುದು ಒಳ್ಳೆಯದು.

ಜಗತ್ತನ್ನೆಲ್ಲ ಆವರಿಸಿದ ಫ್ಲೂ ಪಿಡುಗುಗಳಲ್ಲಿ ಕಡೆಯದು 2009ರದು. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಮೆಕ್ಸಿಕೋ ದೇಶದಲ್ಲೂ ಅಮೆರಿಕದ ಕ್ಯಾಲಿಫೋರ್ನಿಯದಲ್ಲೂ ಎಚ್‌1ಎನ್‌1 ಎಂಬ ಹೊಸ ಬಗೆಯ ವೈರಾಣು ಬೆಳಕಿಗೆ ಬಂದಿತು. ಜನ ಅದನ್ನು ಹಂದಿಜ್ವರವೆಂದು ಕರೆದರು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಾಗತಿಕ ಪಿಡುಗೆಂದು ಸಾರಿತು. ಪಿಡುಗು ಮುಗಿಯಿತೆಂದು ಹೇಳಿದುದು 2010ರ ಆಗಸ್ಟ್ 10ರಂದು. ಮುಗಿಯಿತೆಂದರೂ ವೈರಾಣು ಎಲ್ಲಿಯೂ ಹೋಗಲಿಲ್ಲ. ಅದರ ಸಂತತಿ ವರ್ಷಂಪ್ರತಿ ಬರುವ ಸಾಧಾರಣ ಫ್ಲೂವಿನೊಡನೆ ಸೇರಿ ಇಂದಿಗೂ ಸುತ್ತುತ್ತಲೇ ಇದೆ.

ಆ ದಿನಗಳಲ್ಲಿ ಪರದೇಶದಲ್ಲಿದ್ದವರ ಪಾಡು ಹೇಗಿತ್ತೆಂಬುದಕ್ಕೆ ಹಾಂಗ್‌ಕಾಂಗಿನ ಒಂದು ಪ್ರಸಂಗವೇ ಸಾಕು. ಮೆಕ್ಸಿಕೋದಿಂದ ಶಾಂಘೈ ಮಾರ್ಗವಾಗಿ ಬಂದಿಳಿದ ತರುಣನೊಬ್ಬನಲ್ಲಿ ರೋಗ ದೃಢಪಟ್ಟಿತು. 2009ರ ಮೇ 1ರಂದು ಅವನು ತಂಗಿದ್ದ ವಾನ್‌ಚಾಯ್ ಬಡಾವಣೆಯ ಮೆಟ್ರೋಪಾರ್ಕ್ ಹೋಟೆಲನ್ನು ಪೊಲೀಸರು ಸುತ್ತುವರಿದರು. ವ್ಯಾಪಾರಕ್ಕೆ ಬಂದವರು, ನೋಟ ನೋಡಲು ಬಂದವರು, ಬಡಿಸುವವರು, ಗುಡಿಸುವವರು ಎಲ್ಲರೂ ಸೇರಿ ಸುಮಾರು 300 ಮಂದಿ ಏಳು ದಿನ ಅಲ್ಲಿಂದ ಕದಲುವಂತಿರಲಿಲ್ಲ. ಅದೇ ವಾರ ಚೀನದಲ್ಲಿ ಮೆಕ್ಸಿಕೋದ ಎಪ್ಪತ್ತಕ್ಕೂ ಹೆಚ್ಚು ಪ್ರಜೆಗಳನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಅವರಲ್ಲಿ ಅನೇಕರಿಗೆ ಜ್ವರದ ಸುಳಿವೇ ಇರಲಿಲ್ಲ. ರಹದಾರಿಯನ್ನು ನೋಡಿ ರೋಗಿಯೆಂದು ತೀರ್ಮಾನಿಸುವುದು ಯಾವ ನ್ಯಾಯವೆಂದು ಮೆಕ್ಸಿಕೋ ಸರಕಾರ ಪ್ರತಿಭಟಿಸಿತು, ಕಡೆಗೆ ವಿಮಾನ ಕಳುಹಿಸಿ ತನ್ನವರನ್ನು ಕರೆಸಿಕೊಂಡಿತು. ಭಯ ಬಂದಾಗ ಸರಕಾರಗಳೂ ಮನುಷ್ಯರಂತೆಯೇ ವರ್ತಿಸುತ್ತವೆ.

ವಿಮಾನ ಕಳುಹಿಸುವುದು ಅಪರೂಪದ ಮಾತು. ರಾಯಭಾರ ಕಚೇರಿಯೆಂದರೆ ಸ್ವದೇಶದ ಸರಕಾರಿ ಆಸ್ಪತ್ರೆಯ ಶಾಖೆಯೆಂಬ ಭಾವನೆ ಹಲವರಲ್ಲಿದೆ, ಅದು ಹಾಗಲ್ಲ. ಧನಬಲದಲ್ಲಿ ಯಾರಿಗೂ ಕಡಮೆಯಿಲ್ಲದ ಅಮೆರಿಕವೇ 2009ರಲ್ಲಿ ತನ್ನ ರಾಯಭಾರ ಕಚೇರಿಗಳಲ್ಲಿ ಸಿಬ್ಬಂದಿಗೂ ಅವರ ಕುಟುಂಬಗಳಿಗೂ ಮಾತ್ರ ಫ್ಲೂ ಔಷಧಿಯನ್ನು ಶೇಖರಿಸಿಟ್ಟಿತ್ತು. ವಿದೇಶದಲ್ಲಿರುವ ಇತರ ಪ್ರಜೆಗಳಿಗೆ ಆ ಔಷಧಿಯನ್ನು ಕೊಡಲು ಸಾಧ್ಯವಿಲ್ಲವೆಂದೂ, ಅವರು ತಾವಿರುವ ಊರಿನ ವೈದ್ಯರನ್ನೇ ನೆಚ್ಚಿಕೊಳ್ಳಬೇಕೆಂದೂ ಸ್ಪಷ್ಟವಾಗಿ ತಿಳಿಸಿತು. ಮಾತು ಕಠಿಣವಾಗಿ ಕಂಡರೂ ಪ್ರಾಮಾಣಿಕವಾದುದು. ಭಾರತದ ಕಚೇರಿಗಳ ವಿಷಯದಲ್ಲೂ ಇದೇ ತಿಳಿವಳಿಕೆ ಇರಬೇಕು. ಅವರು ವೈದ್ಯರ ವಿಳಾಸ ತಿಳಿಸಬಲ್ಲರು. ರೋಗಿಯನ್ನು ಕೂಡಿಹಾಕಿದ್ದರೆ ಅಲ್ಲಿನ ಅಧಿಕಾರಿಗಳೊಡನೆ ಮಾತನಾಡಬಲ್ಲರು. ಊರಿನವರಿಗೆ ಸುದ್ದಿ ಮುಟ್ಟಿಸಬಲ್ಲರು. ನಿಜವಾಗಿಯೂ ಕೈಯಲ್ಲಿ ಕಾಸಿಲ್ಲದೆ ಸಂಕಟಕ್ಕೆ ಸಿಲುಕಿದವರ ತುರ್ತು ಚಿಕಿತ್ಸೆಗಾಗಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ಆದುದರಿಂದ ಹೊಸ ದೇಶಕ್ಕೆ ಹೋದೊಡನೆ ಅಲ್ಲಿನ ಭಾರತೀಯ ಕಚೇರಿಯಲ್ಲಿ ಹೆಸರು, ವಿಳಾಸಗಳನ್ನು ದಾಖಲಿಸುವುದು ಯುಕ್ತವೇ. ಆದರೆ ನಡುರಾತ್ರಿಯಲ್ಲಿ ಜ್ವರ ನೂರಮೂರಕ್ಕೆ ಏರಿದಾಗ ನೆರವಾಗುವವನು ಪಕ್ಕದ ಮನೆಯವನೇ ಹೊರತು ರಾಯಭಾರಿಯಲ್ಲ.

ಇನ್ನು ಊರಿಗೆ ಓಡಿಬರುವ ಮಾತು. ಫ್ಲೂ ತಗಲಿದ ಮೇಲೆ ಅದು ಹೊರಗೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ ಹಿಡಿಯುತ್ತದೆ. ಆದರೆ ಜ್ವರ ಕಾಣುವುದಕ್ಕೆ ಒಂದು ದಿನ ಮೊದಲಿನಿಂದಲೇ ರೋಗಿಯಿಂದ ಇತರರಿಗೆ ಸೋಂಕು ಹರಡಬಹುದು. ಕಂಡ ಮೇಲೆ ಐದಾರು ದಿನಗಳಂತೂ ಹರಡುತ್ತದೆ. ಹಾಗೆ ಕೆಮ್ಮುತ್ತ ವಿಮಾನವೇರುವವನು ಹದಿನೈದು ಗಂಟೆ ಪಕ್ಕದವರಿಗೆ ರೋಗ ಹಂಚಿ, ಮನೆಗೆ ಬಂದು ಎಪ್ಪತ್ತೆರಡರ ಅಜ್ಜಿಯ ಪಾದಕ್ಕೆ ನಮಸ್ಕರಿಸುತ್ತಾನೆ! ಈ ಮಾತು ಹೊಸದಲ್ಲ. 1957ರ ಏಷ್ಯಾ ಫ್ಲೂ ಭಾರತಕ್ಕೆ ಕಾಲಿಟ್ಟುದು ಮೇ ತಿಂಗಳಿನಲ್ಲಿ, ಸಿಂಗಪುರದಿಂದ ಮದರಾಸಿಗೆ ಬಂದ ಹಡಗಿನಲ್ಲಿ. 2009ರಲ್ಲಿ ನಮ್ಮ ದೇಶದ ಮೊದಲ ರೋಗಿ ಕಾಣಿಸಿಕೊಂಡುದು ಹೈದರಾಬಾದಿನಲ್ಲಿ. ಅವನು ಅಮೆರಿಕದಿಂದ ಬಂದಿಳಿದ ಪ್ರಯಾಣಿಕ. ಇವರ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೆ ಜ್ವರ ಬಂದಿದೆಯೆಂದು ತಿಳಿದಿದ್ದೂ ಟಿಕೆಟು ಕೊಳ್ಳುವವನಿಗೆ, ಕೊಳ್ಳೆಂದು ಒತ್ತಾಯಿಸುವ ತಾಯ್ತಂದೆಗಳಿಗೆ ಆ ವಿನಾಯಿತಿ ಇಲ್ಲ. ನಡುದಾರಿಯಲ್ಲಿ, ಗುರುತುಪರಿಚಯವಿಲ್ಲದ ಮೂರನೆಯ ದೇಶವೊಂದರ ನಿಲ್ದಾಣದಲ್ಲಿ ತಡೆಹಿಡಿದರೆ ಅದಕ್ಕಿಂತ ದೊಡ್ಡ ಫಜೀತಿ ಮತ್ತೊಂದಿಲ್ಲ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿಯಲ್ಲಿ, ವಿಮಾನಗಳು ನಿಂತೇಹೋದಾಗ ಎಷ್ಟು ಮನೆಗಳಿಗೆ ಈ ಅನುಭವವಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಇದ್ದಲ್ಲಿಯೇ ಇದ್ದು ಮಾಡಬೇಕಾದುದೇನು? ಬಹುಪಾಲು ಕೆಲಸ ಆರೋಗ್ಯವಾಗಿರುವಾಗಲೇ ಆಗಬೇಕು. ಇಂಗ್ಲೆಂಡಿಗೆ ಹೋದ ವಿದ್ಯಾರ್ಥಿ ವೀಸಾದೊಂದಿಗೆ ಆರೋಗ್ಯದ ಶುಲ್ಕವನ್ನೂ ತೆತ್ತಿರುತ್ತಾನೆ. ಆದರೂ ಬಡಾವಣೆಯ ವೈದ್ಯರಲ್ಲಿ ಹೆಸರು ಬರೆಸದೆ ವರ್ಷಗಟ್ಟಲೆ ಕಳೆಯುವವರುಂಟು. ಅಲ್ಲಿ 111 ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆ ಸಿಕ್ಕುತ್ತದೆ, ಪ್ರಾಣಾಪಾಯಕ್ಕೆ 999. ಅಮೆರಿಕದಲ್ಲಿ ತುರ್ತಿಗೆ 911. ಆದರೆ ಅಲ್ಲಿ ಸಾಧಾರಣ ಜ್ವರಕ್ಕೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಜ್ವರ ಬಿಟ್ಟ ಮೇಲೆ ಬರುವ ಬಿಲ್ಲಿಗೆ ಮತ್ತೆ ಜ್ವರ ಬಂದೀತು. ವಿಮೆಯ ಕಾಗದವನ್ನು ಮೊದಲೇ ಓದಿ, ಯಾವ ಚಿಕಿತ್ಸಾಲಯಕ್ಕೆ ಹೋಗಬಹುದೆಂದು ತಿಳಿದಿರಬೇಕು. ಆಸ್ಟ್ರೇಲಿಯದಲ್ಲಿ ತುರ್ತಿನ ಸಂಖ್ಯೆ ಮೂರು ಸೊನ್ನೆ.

2009ರ ಜುಲೈಯಲ್ಲಿ ಇಂಗ್ಲೆಂಡಿನವರು ಒಂದು ಸೊಗಸಾದ ಏರ್ಪಾಡು ಮಾಡಿದ್ದರು. ರೋಗಿ ಮನೆಯಿಂದ ಹೊರಡುವಂತಿಲ್ಲ. ದೂರವಾಣಿಯಲ್ಲಿ ಲಕ್ಷಣ ಹೇಳಿ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಆರೋಗ್ಯವಾಗಿರುವ ಮಿತ್ರನೊಬ್ಬ ಆ ಸಂಖ್ಯೆ ತೋರಿಸಿ ಔಷಧಿ ತಂದುಕೊಡಬೇಕು. ಈ ಮಿತ್ರನಿಗೆ ಅವರು ‘ಫ್ಲೂ ಗೆಳೆಯ’ ಎಂದೇ ಹೆಸರಿಟ್ಟರು. ಆ ಸೇವೆ ಮುಂದಿನ ವರ್ಷವೇ ನಿಂತಿತು, ಗೆಳೆಯನ ಅಗತ್ಯ ನಿಂತಿಲ್ಲ. ಒಂಟಿಯಾಗಿ ಕೊಠಡಿ ಹಿಡಿದಿರುವ ಹುಡುಗ ಹುಡುಗಿಯರು ಇಂಥ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ಅವರ ಬಳಿ ಒಂದು ಬೀಗದ ಕೈಯನ್ನೂ ಊರಿನ ದೂರವಾಣಿ ಸಂಖ್ಯೆಯನ್ನೂ ಕೊಟ್ಟಿರಬೇಕು. ದಿನಕ್ಕೆ ಎರಡು ಸಲ ಬಾಗಿಲು ತಟ್ಟಿ ಗಂಜಿ ಇಟ್ಟುಹೋಗುವವರಿದ್ದರೆ ಅರ್ಧ ಜ್ವರ ಇಳಿದಂತೆಯೇ.

ಕೊಲ್ಲಿ ದೇಶಗಳಲ್ಲಿ ಒಂದೇ ಕೊಠಡಿಯಲ್ಲಿ ಆರೆಂಟು ಮಂದಿ ಮಲಗುವ ಕೆಲಸಗಾರರ ಸಂಗತಿ ಬೇರೆ. ಅಲ್ಲಿ ಪ್ರತ್ಯೇಕವಾಗಿರೆಂದು ಹೇಳುವುದು ಸುಲಭ, ಇರುವುದಕ್ಕೆ ಜಾಗವೆಲ್ಲಿ? ಕೂಲಿ ಹೋದೀತೆಂದು ಜ್ವರವನ್ನು ಮುಚ್ಚಿಟ್ಟು ಕೆಲಸಕ್ಕೆ ಹೋಗುವವರೇ ಹೆಚ್ಚು. ಮೂರನೆಯ ದಿನಕ್ಕೆ ಕೊಠಡಿಯ ಎಲ್ಲರೂ ಮಲಗಿರುತ್ತಾರೆ. ಮೇಸ್ತ್ರಿಗೆ ಮೊದಲ ದಿನವೇ ತಿಳಿಸಿ, ಹಾಸಿಗೆಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು, ಮುಖಗವಸು ಧರಿಸಿ, ಲೋಟ ಟವಲುಗಳನ್ನು ಬೇರೆ ಇಟ್ಟುಕೊಳ್ಳುವುದು ಅಲ್ಲಿ ಸಾಧ್ಯವಿರುವಷ್ಟು ಉಪಾಯ.

ಫ್ಲೂ ಬಂದವರಲ್ಲಿ ಬಹುಮಂದಿ ವಿಶ್ರಾಂತಿ, ನೀರು, ಗಂಜಿ, ಪ್ಯಾರಸಿಟಮಾಲ್ ಇಷ್ಟರಲ್ಲಿಯೇ ವಾರದೊಳಗೆ ಏಳುತ್ತಾರೆ. ಹದಿನೆಂಟು ತುಂಬದವರಿಗೆ ಮಾತ್ರ ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬಾರದು. ಅದರಿಂದ ಮಿದುಳಿಗೂ ಯಕೃತ್ತಿಗೂ ಅಪರೂಪವಾದರೂ ಘೋರವಾದ ವ್ಯಾಧಿ ಬರಬಹುದು. ಊರಿನಿಂದ ಕಟ್ಟಿಕೊಂಡು ಹೋದ ಆಂಟಿಬಯಾಟಿಕ್ ಮಾತ್ರೆಗಳು ವೈರಾಣುವಿನ ಮುಂದೆ ನಿಷ್ಪ್ರಯೋಜಕ. ಓಸೆಲ್ಟಾಮಿವಿರ್ ಎಂಬ ಔಷಧಿಯುಂಟು, ಟಾಮಿಫ್ಲೂ ಎಂಬುದು ಅದರ ಅಂಗಡಿಯ ಹೆಸರು. ವೈದ್ಯರ ಚೀಟಿಯ ಮೇಲೆ, ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಅದರ ಗುಣ ಹೆಚ್ಚು. ಗರ್ಭಿಣಿಯರು, ಹಸಿ ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಉಬ್ಬಸ, ಸಕ್ಕರೆ ಕಾಯಿಲೆ, ಹೃದ್ರೋಗಗಳಿರುವವರು “ನಾಳೆ ನೋಡೋಣ” ಎನ್ನದೆ ಮೊದಲ ದಿನವೇ ವೈದ್ಯರಿಗೆ ತಿಳಿಸಬೇಕು. ಉಸಿರಾಟಕ್ಕೆ ಕಷ್ಟ, ಎದೆನೋವು, ತುಟಿ ನೀಲಿಗಟ್ಟುವುದು, ಮಾತು ತೊದಲಿ ದಿಕ್ಕುತಪ್ಪುವುದು, ಮೂತ್ರ ನಿಂತುಹೋಗುವುದು ಇವುಗಳಲ್ಲಿ ಒಂದು ಕಂಡರೂ ಯಾರೇ ಆಗಲಿ ಆಸ್ಪತ್ರೆಗೆ ಹೊರಡಬೇಕು. ಜ್ವರ ಇಳಿದು ಹಾಯೆನಿಸಿದ ಮೇಲೆ ಮತ್ತೆ ಏರಿ ಕೆಮ್ಮು ಬಲಿಯಿತೆಂದರೆ ಶ್ವಾಸಕೋಶಕ್ಕೆ ಇಳಿದಿರಬಹುದು. ಒಂಟಿಯಾಗಿರುವವರು ಮೋಸಹೋಗುವುದು ಇಲ್ಲಿಯೇ.

ಕೊನೆಯದಾಗಿ, ಮಗಳ ಬಾಣಂತನಕ್ಕೆಂದು ಹೊರಡುವ ತಾಯಂದಿರ ವಿಷಯ. ಆಸ್ಟ್ರೇಲಿಯದಲ್ಲಿ ಚಳಿಗಾಲವೂ ಫ್ಲೂವಿನ ಕಾಲವೂ ಜೂನಿನಿಂದ ಆಗಸ್ಟಿನವರೆಗೆ. ಅಮೆರಿಕ, ಯೂರೋಪುಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿಯ ಸುತ್ತ ಅದರ ಹಾವಳಿ. ಎರಡು ಗೋಲಾರ್ಧಗಳ ಲಸಿಕೆಯನ್ನೂ ಬೇರೆಬೇರೆಯಾಗಿ ನಿರ್ಧರಿಸುತ್ತಾರೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕಾದುದರಿಂದ, ಹೋಗುವ ದೇಶವನ್ನು ವೈದ್ಯರಿಗೆ ತಿಳಿಸಿ ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳಬೇಕು. ಗರ್ಭಿಣಿ ಮಗಳೂ ಹಾಕಿಸಿಕೊಳ್ಳಬಹುದು. ಆ ರಕ್ಷಣೆಯ ಪಾಲು ಹುಟ್ಟುವ ಕೂಸಿಗೂ ದೊರೆಯುತ್ತದೆ. ಪೆಟ್ಟಿಗೆಯಲ್ಲಿ ಮೆಣಸಿನಪುಡಿ, ಹಪ್ಪಳಗಳ ನಡುವೆ ಔಷಧಿಗಳನ್ನು ತುಂಬುವಾಗಲೂ ಎಚ್ಚರ ಅಗತ್ಯ. ಕೊಡೀನ್ ಇರುವ ಕೆಮ್ಮಿನ ಔಷಧಿಗೆ ಅರಬ್ ಎಮಿರೇಟುಗಳಲ್ಲಿ ಮುಂಚಿತವಾದ ಅನುಮತಿ ಬೇಕು; ಸ್ಯೂಡೋಎಫೆಡ್ರಿನ್ ಶೇಕಡ 10ಕ್ಕೆ ಮೀರಿರುವ ನೆಗಡಿ ಮಾತ್ರೆಗಳನ್ನು ಜಪಾನಿಗೆ ಒಯ್ಯುವಂತೆಯೇ ಇಲ್ಲ. ದಿನವೂ ನುಂಗುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಉಳಿಯಬೇಕೆಂದಿರುವ ಅವಧಿಗಿಂತ ಒಂದು ತಿಂಗಳಿಗೆ ಹೆಚ್ಚಾಗಿ, ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ ಇಟ್ಟುಕೊಂಡು, ಆ ಚೀಟಿಯಲ್ಲಿ ಔಷಧಿಯ ರಾಸಾಯನಿಕ ಹೆಸರನ್ನೂ ಬರೆಸಿಕೊಳ್ಳಬೇಕು; ನಮ್ಮ ಅಂಗಡಿಯ ಹೆಸರು ಅಲ್ಲಿನ ಔಷಧಿ ಅಂಗಡಿಯವನಿಗೆ ತಿಳಿಯಲಾರದು.