ಗಣಕದ ಕಟ್ಟೆ: ಅಜ್ಜನ ಫ್ಲಾಪಿಗೆ ಯಾವ ಮೋಡ್?



ಈ ಸಲದ ಪ್ರಶ್ನೆ ಬಂದದ್ದು ನಾಸಿಕ ಜಿಲ್ಲೆಯ ನಿಫಾಡದಿಂದ. ಕೇಳಿದವಳು ಕಾಲೇಜು ಹುಡುಗಿ. ಮನೆಮಾತು ಕನ್ನಡ, ಓದಲು ಬರುವುದು ಮಾತ್ರ ಮರಾಠಿ. ಲಾಸಲಗಾಂವದಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುತ್ತಿದ್ದ ಅವಳ ಅಜ್ಜ 1990ರ ದಶಕದಲ್ಲಿ ಪಿಸಿಗೆ ಗಿಸ್ಟ್ ಕಾರ್ಡ್ ಹಾಕಿಸಿ, ಊರಿಗೆ ಕನ್ನಡದಲ್ಲೇ ಕಾಗದ ಬರೆಯುತ್ತಿದ್ದರಂತೆ. ಅಜ್ಜ ಈಗಿಲ್ಲ, ಫ್ಲಾಪಿ ಇದೆ. ಹಳೆಯ ಡಾಸ್ ಯಂತ್ರದಲ್ಲಿ ತೆರೆದರೆ ಬರೀ ಗೆರೆ, ಚೌಕ. "ಕಾಕಾ, ಯಾವ ಮೋಡ್ ಆರಿಸಲಿ?" ಎಂದಿದ್ದಾಳೆ.

ಗಿಸ್ಟ್ ಎಂದರೆ ಕಾನಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಶುರುವಾದ ಪುಣೆಯ ಸಿ-ಡಾಕ್‌ನಲ್ಲಿ ಬೆಳೆದ ತಂತ್ರ. ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಡಿಬೇಸ್, ಲೋಟಸ್‌ನಂಥ ಡಾಸ್ ತಂತ್ರಾಂಶಗಳಲ್ಲಿ ನಮ್ಮ ಲಿಪಿಗಳನ್ನು ಮೂಡಿಸಿದ್ದು ಈ ಕಾರ್ಡು. ಅಕ್ಷರಗಳಿಗೆ ಸಂಖ್ಯೆ ಕೊಟ್ಟದ್ದು ಇಸ್ಕಿ ಎಂಬ ಸಂಕೇತ. 1991ರಲ್ಲಿ ಅದು ಭಾರತೀಯ ಮಾನಕವಾಯಿತು.

ತೊಡಕು ಇಲ್ಲೇ ಇದೆ. ಇಸ್ಕಿಯಲ್ಲಿ 'ಕ' ಅಕ್ಷರದ ಸಂಖ್ಯೆ 179, 'ದ' ಅಕ್ಷರದ್ದು 196. ಐಬಿಎಂ ಪಿಸಿಯಲ್ಲಿ 179 ಎಂದರೆ ನಿಂತ ಗೆರೆ, 196 ಎಂದರೆ ಮಲಗಿದ ಗೆರೆ! ಲೆಕ್ಕದ ತಂತ್ರಾಂಶ ಕೋಷ್ಟಕ ಎಳೆಯಲು ಹೋದರೆ ಪರದೆಯ ತುಂಬ ಕಕಕ, ದದದ. ಅದಕ್ಕೇ ಪಿಸಿ-ಇಸ್ಕಿ ಎಂಬ ಇನ್ನೊಂದು ಬಗೆಯನ್ನೂ ಇಟ್ಟರು: 176ರಿಂದ 223ರವರೆಗಿನ ಜಾಗ ಗೆರೆಗಳಿಗೇ ಮೀಸಲು, ನಮ್ಮ ಅಕ್ಷರಗಳು ಅದರ ಕೆಳಗೂ ಮೇಲೂ ಹಂಚಿಕೊಂಡು ಕೂರಬೇಕು. ಬಾಡಿಗೆಮನೆಯ ಪಾಡು ಎನ್ನಿ.

ಹಾಗಾಗಿ ಗುರುತಿಸುವುದು ಸುಲಭ. ಕಾರ್ಡಿಲ್ಲದ ಡಾಸ್ ಪರದೆಯಲ್ಲಿ ಗೆರೆ-ಚೌಕ ತುಂಬಿದ್ದರೆ ಅದು ಇಸ್ಕಿ. ಫ್ರೆಂಚ್ ಅಕ್ಷರಗಳೂ ಆಲ್ಫಾ, ಪೈ ಮುಂತಾದ ಗ್ರೀಕ್ ಚಿಹ್ನೆಗಳೂ ಬಂದರೆ ಪಿಸಿ-ಇಸ್ಕಿ. ತಂಗೀ, ನಿನ್ನದು ಇಸ್ಕಿ. ಪಿಸಿ-ಇಸ್ಕಿಯಾಗಿದ್ದರೆ ಮೊದಲು ಇಸ್ಕಿಗೆ ತಿರುಗಿಸಿಕೊಳ್ಳಬೇಕಿತ್ತು. ಹಳೆಯ ವರ್ಡ್‌ಸ್ಟಾರಿನ ಡಾಕ್ಯುಮೆಂಟ್ ಮೋಡ್‌ನಲ್ಲಿ ಬರೆದ ಕಡತವಾದರೆ ತಲೆನೋವು ಬೇರೆ. ಅದು ತನ್ನ ಗುರುತುಗಳಿಗೆ ಎಂಟನೆಯ ಬಿಟ್ಟನ್ನೇ ಬಳಸುತ್ತಿತ್ತು, ನಮ್ಮ ಅಕ್ಷರಗಳಿಗೂ ಬೇಕಾದದ್ದು ಅದೇ.

ಕಾರ್ಡನ್ನು ಮತ್ತೆ ಜೀವಂತ ಮಾಡಲೇಬೇಕೆಂದಿಲ್ಲ. ವಿಂಡೋಸ್‌ನ ಕೋಡ್ ಪೇಜ್‌ಗಳಲ್ಲಿ 57008 ಎಂಬುದು ಕನ್ನಡದ ಇಸ್ಕಿ, 57002 ದೇವನಾಗರಿಯದು. ಎಲ್ಲ ಲಿಪಿಗಳ 'ಕ'ಕಾರಕ್ಕೂ ಇಸ್ಕಿಯಲ್ಲಿ ಸಂಖ್ಯೆ ಒಂದೇ ಆದ್ದರಿಂದ, ಅದೇ ಕಡತವನ್ನು 57002ರಲ್ಲಿ ಬಿಡಿಸಿದರೆ ಅಜ್ಜನ ಕನ್ನಡವೇ ದೇವನಾಗರಿ ಅಕ್ಷರದಲ್ಲಿ ಬರುತ್ತದೆ. ನೀನು ಇವತ್ತೇ ಓದಬಹುದು! 'ಳ' ಮರಾಠಿಯಲ್ಲೂ ಇದೆ, ಚಿಂತೆಯಿಲ್ಲ. ಹ್ರಸ್ವ ಎ, ಒ ಚಿಹ್ನೆಗಳು ಮಾತ್ರ ಮರಾಠಿ ಕಣ್ಣಿಗೆ ಹೊಸವು. 'ಕೊಡು' ಮತ್ತು 'ಕೋಡು' ನಡುವೆ ಎಡವಿದರೆ ಅಜ್ಜಿಯನ್ನು ಕೇಳು. ಆಮೇಲೆ 57008ರ ಪ್ರತಿಯನ್ನೂ ತೆಗೆದು ಪಕ್ಕದಲ್ಲಿಟ್ಟುಕೋ, ಕನ್ನಡ ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ತಿಳಿಯದು.

ಇದೆಲ್ಲ ನಕಲು ಪ್ರತಿಯ ಮೇಲೆ ಮಾತ್ರ. ತಪ್ಪು ಮೋಡ್‌ನಲ್ಲಿ ತೆರೆದು ಉಳಿಸಿದರೆ ಮೂಲವೇ ಕೆಡಬಹುದು. ಫ್ಲಾಪಿ ಮೂರೂವರೆ ಅಂಗುಲದ್ದಾದರೆ ಡ್ರೈವಿಗೆ ಹಾಕುವ ಮೊದಲು ಮೂಲೆಯ ಪುಟ್ಟ ಕಿಟಕಿಯನ್ನು ತೆರೆದಿಡು. ಐದೂಕಾಲು ಅಂಗುಲದ್ದಾದರೆ ಪಕ್ಕದ ಕಚ್ಚಿಗೆ ಪಟ್ಟಿ ಅಂಟಿಸು.